ನಡುಗುವ ಕಾರು, ಮುಚ್ಚಿದ ಗಾಜು: ನರಗುಂದದಿಂದ ಗಜೇಂದ್ರಗಡಕ್ಕೆ

ನರಗುಂದದ ಕಣ್ಣಿನ ದವಾಖಾನೆಯಿಂದ ನಾವು ಹೊರಟಾಗ ಬೆಳಿಗ್ಗೆ ಹತ್ತೂವರೆ. ನಾವು ಎಂದರೆ ನಾನು, ನನ್ನ ಅಜ್ಜಿ ಮತ್ತು ಕಾಕಾನಿಂದ ಬೇಡಿ ತಂದಿದ್ದ ಹನ್ನೊಂದು ವರ್ಷದ ಹಳೆಯ ಕಾರು. ಅಜ್ಜಿಯನ್ನು ನಾವು ಆಯಿ ಅನ್ನುತ್ತೇವೆ. ಹಿಂದಿನ ದಿನ ಆಕೆಯ ಎಡಗಣ್ಣಿನ ಪೊರೆ ತೆಗೆದಿದ್ದರು. ಬಲಗಣ್ಣು ಮೊದಲೇ ಮಂದ. "ಧೂಳ ಬೀಳಬಾರದು, ಬೆವರ ಇಳೀಬಾರದು. ಕಾರಿನ ಗಾಜು ಇಳಸಬ್ಯಾಡ್ರಿ. ನಂಜಾದರ ಕಣ್ಣ ಹೋಗತೈತಿ" ಎಂದು ಡಾಕ್ಟರು ಮೂರು ಸಲ ಹೇಳಿದರು. ನಾಲ್ಕನೆಯ ಸಲ ಅವರದೇ ದನಿಯಲ್ಲಿ, ಅವರದೇ ಮೂಗಿನಿಂದ ನಾನು ಹೇಳಿದೆ. ನರ್ಸ್ ನಕ್ಕರು. ಡಾಕ್ಟರು ನಗಲಿಲ್ಲ. ಮದುವೆಮನೆ, ಗಣಪತಿ ಪೆಂಡಾಲು, ಶಾಲೆಯ ಗ್ಯಾದರಿಂಗುಗಳಲ್ಲಿ ಮಂದಿಯ ದನಿ ತೆಗೆಯುವುದೇ ನನ್ನ ಕಸುಬು. ಅನುಕರಿಸಲು ಮಂದಿ ಖಾಲಿಯಾದಾಗ ಯಂತ್ರಗಳ ದನಿ ತೆಗೆಯುತ್ತೇನೆ.

ರೋಣಕ್ಕೆ ಸುಮಾರು ನಲವತ್ತು ಕಿಲೋಮೀಟರ್. ಏಪ್ರಿಲ್ ಬಿಸಿಲು, ಎರೆಹೊಲಗಳೆಲ್ಲ ಖಾಲಿ. ಗಾಳಿ ಎದ್ದರೆ ಹೊಲವೇ ಎದ್ದು ಬರುತ್ತಿತ್ತು. ಗಾಜು ಮುಚ್ಚಿ ಎ.ಸಿ. ಹಾಕಿದ್ದೆ. ಓಡುವಾಗ ಕಾರು ಚಲೋ ಇತ್ತು. ಕುರಿಹಿಂಡು ಅಡ್ಡ ಬಂದು ನಿಲ್ಲಿಸಿದಾಗ ರೋಗ ಹೊರಬಿತ್ತು. ಎಂಜಿನ್ ಕುಗ್ಗಿ ಗಡಗಡ ನಡುಗಿತು, ಕನ್ನಡಿಗೆ ಕಟ್ಟಿದ್ದ ಮಣಿಸರ ತೂಗಾಡಿತು.

"ಏನಲೇ ಬಸ್ಯಾ, ಗಾಡಿಗೆ ಚಳಿಜ್ವರ ಬಂತೇನ?" ಹಿಂದಿನ ಸೀಟಿನಿಂದ ಆಯಿ ಕೇಳಿದಳು.

"ಎ.ಸಿ. ಥಂಡಿ ಭಾಳ ಆತು ಆಯಿ. ಅದೂ ವಯಸ್ಸಾದ ಗಾಡಿ, ನಿನ್ನಂಗ."

"ನಾ ಎಲ್ಲಿ ನಡಗಾಕತ್ತೇನಿ?"

ಎ.ಸಿ. ಆರಿಸಿದೆ, ನಡುಕ ನಿಂತಿತು. ಎರಡೇ ನಿಮಿಷದಲ್ಲಿ ಕಾರು ಕಾದ ಹಂಚಾಯಿತು. ಆಯಿಯ ಹಣೆಯ ಬೆವರು ಕಣ್ಣಿನ ಪಟ್ಟಿಯತ್ತ ಇಳಿಯುತ್ತಿರುವುದು ಕನ್ನಡಿಯಲ್ಲಿ ಕಂಡಿತು. ಮತ್ತೆ ಎ.ಸಿ. ಹಾಕಿದೆ. ಅಲ್ಲಿಂದ ಮುಂದೆ ನಿಂತಲ್ಲೆಲ್ಲ ಆಕ್ಸಿಲರೇಟರ್ ಒತ್ತಿ ಹಿಡಿದು, ಹೊರಡಲು ಅವಸರವಾದ ಬಸ್ ಚಾಲಕನ ಹಾಗೆ ಬುರ್ರೆನ್ನಿಸುತ್ತ ಹೋದೆ.

ರೋಣದ ಬಸ್‌ಸ್ಟ್ಯಾಂಡ್ ಮುಂದಿನ ದಟ್ಟಣೆಯಲ್ಲಿ ಎಂಜಿನ್ ಮೂರು ಸಲ ಬಂದ್ ಆಯಿತು. ಹಿಂದಿದ್ದ ಟೆಂಪೋದವನು ನನ್ನ ವಂಶವನ್ನೆಲ್ಲ ನೆನೆದ. ಹೇಗೋ ಒಂದು ಗ್ಯಾರೇಜು ಮುಟ್ಟಿದೆವು. ಮಿಸ್ತ್ರಿ ಅಬ್ಬಿಗೇರಿ ಕಡೆಯವರು, ಐವತ್ತು ದಾಟಿದವರು. ಆಯಿಯ ಕಣ್ಣಿನ ಪಟ್ಟಿ ನೋಡಿದ ಕೂಡಲೇ ಎರಡು ಕೊಡ ನೀರು ತಂದು ಕಾರಿನ ಸುತ್ತ ಚಿಮುಕಿಸಿ ಧೂಳು ಅಡಗಿಸಿದರು. ಆಮೇಲೆ ಬಾನೆಟ್ ಎತ್ತಿದರು. ಎತ್ತಿದ್ದೇ ತಡ, ಇನ್ಸ್‌ಪೆಕ್ಟರ್ ಬಂದ ದಿನದ ಶಾಲೆಯಂತೆ ಕಾರು ಶಿಸ್ತಿಗೆ ಬಂತು. ಎ.ಸಿ. ಓಡುತ್ತಿತ್ತು, ನಡುಕವೇ ಇಲ್ಲ.

"ದನಿ ಹ್ಯಾಂಗ ಬರತಿತ್ತರಿ?" ಮಿಸ್ತ್ರಿ ಕೇಳಿದರು.

ಇದನ್ನು ನನ್ನನ್ನು ಕೇಳಬಾರದು. ಬೆಂಚಿನ ಮೇಲೆ ಬೈಕ್ ರಿಪೇರಿಗೆ ಬಂದ ಮೂವರು ಬೇರೆ ಕೂತಿದ್ದರು. ಗುರ್ರ್ ಎಂದು ಶುರುಮಾಡಿ, ಗುಡುಗುಡು ಅಂದು, ಭುಜ ಕುಣಿಸಿ, ಕೊನೆಗೆ ಟಕ್ ಟಕ್ ಟಕ್ ಎಂದು ಮುಗಿಸಿದೆ. ಬೆಂಚು ನಕ್ಕಿತು. "ಇನ್ನೊಮ್ಮಿ ಆಗಲ್ರಿ" ಎಂದ ಸವಡಿ ಊರಿನವನೊಬ್ಬ. ಎರಡನೆಯ ಸಲ ಟಕ್ ಟಕ್ ಇನ್ನಷ್ಟು ಉದ್ದವಾಯಿತು.

ಮಿಸ್ತ್ರಿ ಮಾತ್ರ ನಗಲಿಲ್ಲ. "ಟಕ್ ಟಕ್ ಬಂತಂದ್ರ ಎ.ಸಿ. ಕಂಪ್ರೆಸರ್ ಬೇರಿಂಗ್ ಹೋಗೈತಿ. ಹಂಗ ಓಡಿಸಿದ್ರ ನಡುದಾರ್‍ಯಾಗ ಜಾಮ್ ಆಕ್ಕೈತಿ. ಬೆಲ್ಟ್ ತಗದ ಕೊಡತೇನಿ. ಎ.ಸಿ. ಬರಂಗಿಲ್ಲ, ಗಾಜ ಇಳಿಸಿಕೊಂಡ ಹೋಗ್ರಿ" ಎಂದು ನಟ್ಟು ಬಿಚ್ಚುವ ಪಾನಾ ಕೈಗೆತ್ತಿಕೊಂಡರು.

ಮುಂದೆ ಮೂವತ್ತು ಕಿಲೋಮೀಟರ್ ರಸ್ತೆ ಇತ್ತು, ಅರ್ಧ ಅಗೆದದ್ದು. ಟಕ್ ಟಕ್ ನಾನು ಸೇರಿಸಿದ್ದು ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಮಂದಿ ನಕ್ಕ ಮೇಲೆ ಅದು ಸುಳ್ಳೆಂದು ಒಪ್ಪುವ ಅಭ್ಯಾಸ ನನಗಿಲ್ಲ.

ಆಯಿ ಗಾಜನ್ನು ಎರಡು ಬೆರಳಿನಷ್ಟು ಇಳಿಸಿದಳು. "ಮಿಸ್ತ್ರ್ಯಾರ, ಪಾನಾ ಇಡ್ರಿ. ಆ ಟಕ್ ಟಕ್ ಗಾಡೀದಲ್ಲ, ನಮ್ಮ ಮನಿ ಮಗ್ಗದ್ದು. ಈ ಮಂಗ್ಯಾ ಗಣಪತಿ ಪೆಂಡಾಲದಾಗ ಮಾಡತಾನ."

ಬೆಂಚು ನನ್ನತ್ತ ತಿರುಗಿತು. "ಹೌದೇನ್ರಿ?" ಎಂದರು ಮಿಸ್ತ್ರಿ.

"ಸ್ವಲ್ಪ ಉಪ್ಪುಖಾರ ಹಚ್ಚಿದ್ನಿರಿ."

ಆಯಿ ಹೇಳಿದಳು: "ಖರೇ ದನಿ ನಾ ಹೇಳತೇನಿ. ಮೊದಲ ಚಿಟ್ ಅಂತೈತಿ. ಆಮ್ಯಾಲ ಎಂಜಿನ್ ದನಿ ಕೆಳಗ ಕುಗ್ಗತೈತಿ. ಮಗ್ಗ ಹಿಡದ ಕೂಡಲೆ ಮೋಟಾರ ಕುಗ್ಗತೈತಲ್ಲ, ಹಂಗ. ಚಲೋ ಮೋಟಾರ ಕುಗ್ಗಿ ಏಳತೈತಿ. ಇದು ಏಳವಲ್ದು." ಗಜೇಂದ್ರಗಡದ ನಮ್ಮ ಮನೆಯಲ್ಲಿ ಎರಡು ಮೋಟಾರು ಮಗ್ಗಗಳಿವೆ. ಆಯಿ ರೊಟ್ಟಿ ಬಡಿಯುತ್ತಲೇ ಯಾವ ಮಗ್ಗದಲ್ಲಿ ಎಳೆ ಹರಿಯಿತೆಂದು ಕೂಗಿ ಹೇಳುವವಳು.

ಮಿಸ್ತ್ರಿ ಪಾನಾ ಕೆಳಗಿಟ್ಟರು. ಎ.ಸಿ. ಪೂರ್ತಿ ಏರಿಸಿ, ಹೆಡ್‌ಲೈಟ್ ಹಾಕಿ, ಎಂಜಿನ್ ಕಾಯಲು ಬಿಟ್ಟು ಕಿವಿಗೊಟ್ಟು ನಿಂತರು. ಎಂಟು ನಿಮಿಷದ ಮೇಲೆ ಚಿಟ್ ಎಂದಿತು. ದನಿ ಕುಗ್ಗಿತು, ಏಳಲಿಲ್ಲ, ಮಣಿಸರ ತೂಗಾಡಿತು. ಆಕ್ಸಿಲರೇಟರ್ ತಂತಿಯನ್ನು ಬೆರಳಿನಿಂದ ಚೂರು ಎಳೆದರು, ನಡುಕ ನಿಂತಿತು. ಬಿಟ್ಟರು, ಮತ್ತೆ ನಡುಗಿತು.

"ಬೇರಿಂಗ್ ಅಲ್ಲ. ಚಿಟ್ ಅಂತ ಎ.ಸಿ. ಹಿಡದಾಗ ಎಂಜಿನ್ ಮ್ಯಾಲ ಭಾರ ಬೀಳತೈತಿ. ಆಗ ಒಂದ ಗುಟುಕ ಗಾಳಿ ಹೆಚ್ಚಿಗಿ ಬೇಕು. ಗಾಳಿ ಹೋಗೂ ದಾರ್‍ಯಾಗ ಮಸಿ ಕಟ್ಟೈತಿ, ಅಷ್ಟ."

ಎಂಜಿನ್ ಆರಿಸಿ ಬಿಚ್ಚಬೇಕಿದ್ದರಿಂದ ಮಿಸ್ತ್ರಿಯ ಹೆಂಡತಿ ಆಯಿಯ ಮುಖಕ್ಕೆ ಒದ್ದೆ ಸೆರಗು ಮರೆಮಾಡಿ ಹಿಂದಿದ್ದ ತಮ್ಮ ಮನೆಯ ಒಳಕೋಣೆಗೆ ಕರೆದೊಯ್ದರು, ಮಜ್ಜಿಗೆ ಕೊಟ್ಟರು. ಇತ್ತ ಗಾಳಿಯ ಕೊಳವೆ ಬಿಚ್ಚಿದಾಗ ಒಳಗಿನ ಮುಚ್ಚಳ ಹಂಚಿನ ತಳದಷ್ಟು ಕಪ್ಪಾಗಿತ್ತು. ಅದರ ಪಕ್ಕದಲ್ಲೊಂದು ಸಣ್ಣ ವಾಲ್ವ್, ನಿಂತಾಗ ಎಂಜಿನ್ನಿಗೆ ಗಾಳಿ ಅಳೆದು ಕೊಡುವುದು. ಅದು ಒಮ್ಮೆ ಸರಿಯುತ್ತಿತ್ತು, ಒಮ್ಮೆ ಅಂಟುತ್ತಿತ್ತು. ಸ್ಪ್ರೇ ಹೊಡೆದು, ಬ್ರಶ್ಶಿನಿಂದ ಉಜ್ಜಿ, ಬಟ್ಟೆಯಿಂದ ಒರೆಸಿ ಎರಡನ್ನೂ ಕೂಡಿಸಲು ಮುಕ್ಕಾಲು ತಾಸು ಹಿಡಿಯಿತು. ಕಾರು ಚಾಲೂ ಮಾಡಿದಾಗ ಚಿಟ್ ಎಂದಿತು, ಕುಗ್ಗಿತು, ಎದ್ದು ನಿಂತಿತು. ನಾನೂರು ರೂಪಾಯಿ ಕೊಟ್ಟೆ. ದನಿ ತೆಗೆದದ್ದಕ್ಕೆ ನನಗೆ ಯಾರೂ ಏನೂ ಕೊಡಲಿಲ್ಲ.

"ಇನ್ನ ಮ್ಯಾಲ ಫೋನಿನಾಗ ರೆಕಾರ್ಡ್ ಮಾಡಿ ತರ್ರಿ. ನೀವು ಮಾಡಿ ತೋರಿಸಬ್ಯಾಡ್ರಿ" ಎಂದು ಮಿಸ್ತ್ರಿ ಕೈಮುಗಿದರು.

ಗಜೇಂದ್ರಗಡದ ದಾರಿಯಲ್ಲಿ, ಮುಶಿಗೇರಿಯ ಆಸುಪಾಸು, ರಸ್ತೆ ಕೆಲಸಕ್ಕೆ ಇಪ್ಪತ್ತು ನಿಮಿಷ ನಿಲ್ಲಿಸಿದರು. ಕೆಂಪು ಮಣ್ಣಿನ ಟಿಪ್ಪರುಗಳು ಹಾದಾಗ ಮುಂದಿನ ಬೈಕೂ ಕಾಣದಷ್ಟು ಧೂಳೆದ್ದಿತು. ಗಾಜಿನ ಹೊರಗೆ ಎಲ್ಲ ಕೆಂಪು, ಒಳಗೆ ತಂಪು. ಆಯಿ ಬಾಯಿ ತೆರೆದು ನಿದ್ದೆಹೋಗಿದ್ದಳು. ಆ ಗೊರಕೆಯನ್ನು ನಾನು ಅನುಕರಿಸಲಿಲ್ಲ ಎಂದು ಹೇಳಿದರೆ ನೀವು ನಂಬುವುದಿಲ್ಲ.

ಗುಡ್ಡದ ಮೇಲಿನ ಕೋಟೆ ಕಂಡಾಗ ನಾಲ್ಕು ಗಂಟೆ. ಮನೆಯ ಮುಂದೆ ಎಂಜಿನ್ ಆರಿಸದೆ ಇಳಿದು, ರೋಣದಲ್ಲಿ ಕಲಿತಂತೆ ಬಾಗಿಲಿನವರೆಗೂ ನೀರು ಚಿಮುಕಿಸಿದೆ. ಒಳಗೆ ಮಗ್ಗಗಳು ಟಕ್ ಟಕ್ ಅನ್ನುತ್ತಿದ್ದವು. ಗಾಡಿ ಕೆಟ್ಟ ಸುದ್ದಿಯನ್ನು ಫೋನಿನಲ್ಲಿ ಮೊದಲೇ ಕೇಳಿದ್ದ ಕಾಕಾ ಹೊರಬಂದ, ಹಿಂದೆಯೇ ಗಲ್ಲಿಯ ಐದಾರು ಮಂದಿ.

"ಗಾಡಿಗೆ ಏನಾಗಿತ್ತಲೇ? ದನಿ ಹ್ಯಾಂಗ ಬರತಿತ್ತು, ಮಾಡಿ ತೋರಸು."

ಕಾರಿನತ್ತ ನೋಡಿದೆ. ಗಾಜಿನ ಹಿಂದಿನಿಂದ ಆಯಿಯ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು. ನಾನು ಚಿಟ್ ಅಂದೆ, ದನಿ ಸ್ವಲ್ಪ ಕುಗ್ಗಿಸಿದೆ, ಅಷ್ಟಕ್ಕೇ ಬಿಟ್ಟೆ.

ಒಬ್ಬರೂ ನಗಲಿಲ್ಲ. ಆಯಿ ಹೌದೆಂಬಂತೆ ತಲೆಯಾಡಿಸಿ ಬಾಗಿಲು ತೆರೆದಳು.