ಐವತ್ತು ಹೆಜ್ಜೆ ಹಿಂದೆ

ವಿಮಾನ ಪ್ರದರ್ಶನದ ಮೈದಾನದಲ್ಲಿ ಜನರನ್ನು ತಡೆಯಲು ಗೂಟ ಹೊಡೆದು ಹಗ್ಗ ಕಟ್ಟುವುದು ಹಗ್ಗದಣ್ಣನ ಕೆಲಸ. ಕೆಲಸಕ್ಕೆ ಸೇರಿದ ವರ್ಷವೇ ಹಾರುವ ವಿಮಾನದಿಂದ ಬೋಲ್ಟೊಂದು ಕಳಚಿ ಬಿದ್ದು ಅವನ ಊಟದ ಡಬ್ಬಿಯನ್ನು ತೂತು ಮಾಡಿತ್ತು. ಅಂದಿನಿಂದ ಅವನು ಯಾರಿಗೂ ಹೇಳದೆ ಕೇಳದೆ, ಮೈದಾನದ ನಕ್ಷೆಯಲ್ಲಿ ಹಗ್ಗಕ್ಕೆಂದು ಗುರುತಿಸಿದ್ದ ಗೆರೆಗಿಂತ ಐವತ್ತು ಹೆಜ್ಜೆ ಹಿಂದೆಯೇ ಹಗ್ಗ ಕಟ್ಟುತ್ತಿದ್ದ. ಇಪ್ಪತ್ತು ವರ್ಷ ಯಾರ ಕೂದಲೂ ಕೊಂಕಲಿಲ್ಲ. ಸರ್ಕಾರ ಮತ್ತು ವಿಮಾನ ಕಂಪನಿಗಳ ಜಂಟಿ ಸುರಕ್ಷತಾ ಸಮಿತಿ ಪ್ರತಿ ವರ್ಷ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುತ್ತಿತ್ತು.

ಈ ಸಲ ಸಮಿತಿ ಮೊದಲ ಬಾರಿಗೆ ಕೋಣೆ ಬಿಟ್ಟು, ಟೇಪು ಹಿಡಿದು ಮೈದಾನಕ್ಕಿಳಿಯಿತು.

"ಏನಯ್ಯಾ, ಹಗ್ಗ ಇಷ್ಟು ಹಿಂದಿದೆಯಲ್ಲ! ಸುರಕ್ಷತಾ ನಿಯಮ ಅಂದ್ರೆ ಹುಡುಗಾಟ ಅಂದ್ಕೊಂಡ್ಯಾ?" ಎಂದು ಸರ್ಕಾರದ ಅಧಿಕಾರಿ ಎಗರಾಡಿದರು.

"ಹೌದು ಹೌದು" ಎಂದರು ಕಂಪನಿಯ ಮ್ಯಾನೇಜರು. ಅವರಿಬ್ಬರೂ ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು.

"ಆಗ್ಲಿ ಸಾರ್, ಮುಂದಕ್ಕೆ ಕಟ್ತೀನಿ. ನಿಮ್ಮ ಕುರ್ಚಿಗಳನ್ನೂ ಅಲ್ಲೇ ಮುಂದಿನ ಸಾಲಲ್ಲಿ ಹಾಕ್ಲಾ?" ಎಂದ ಹಗ್ಗದಣ್ಣ.

ಇಬ್ಬರೂ ಮುಖ ಮುಖ ನೋಡಿಕೊಂಡರು. ಕುರ್ಚಿಗಳು ಮಾತ್ರ ಐವತ್ತು ಹೆಜ್ಜೆ ಹಿಂದೆಯೇ ಇರಲಿ ಎಂದು ತೀರ್ಮಾನವಾಯಿತು.

ಪ್ರದರ್ಶನದ ದಿನ ಸಮಿತಿಯವರೆಲ್ಲ ಕುಳಿತ ಮೇಲೆ, ಹಗ್ಗದಣ್ಣ ಜನರ ಹಗ್ಗವನ್ನು ಗೂಟಕ್ಕೆ ಕಟ್ಟಲಿಲ್ಲ. ಆ ಕುರ್ಚಿಗಳ ಕಾಲಿಗೇ ಬಿಗಿದ.