ಧರ್ಣಪ್ಪ ಗೌಡರ ಅಲಸಂಡೆ ಗುಂಡಿ

ಕಕ್ಕಿಂಜೆಯ ಧರ್ಣಪ್ಪ ಗೌಡರಿಗೆ ಆಯುಷ್ಯದಲ್ಲಿ ಬಂದದ್ದು ಒಂದೇ ಒಂದು ಸರಕಾರಿ ಗೌರವ, ಅದೂ ಗುಂಡಿ ತೋಡಿದ್ದಕ್ಕೆ. ಆ ಗೌರವ ಅವರ ಹಟ್ಟಿಯ ಒಂದು ಕರುವನ್ನು ತಿಂದಿತು ಎಂದರೆ ನೀವು ನಂಬಲಿಕ್ಕಿಲ್ಲ. ಕೇಳಿ.

ಅರುವತ್ತೊಂದನೆಯ ಇಸವಿಯ ಮಳೆಗಾಲ ಮುಗಿದಾಗ ಗ್ರಾಮಸೇವಕ ರಮಾನಾಥ ಸೈಕಲು ದೂಡಿಕೊಂಡು ಬಂದ. "ಗೌಡ್ರೇ, ಬೇಸಗೆಯಲ್ಲಿ ಬರೀ ಬೈಹುಲ್ಲು ತಿಂದ ದನಕ್ಕೆ ಹಾಲು ಎಲ್ಲಿಂದ ಬರ್ತದೆ ಮಾರಾಯ್ರೆ? ಅಲಸಂಡೆ ಬಿತ್ತಿ. ಹೂ ಬಿಡುವಾಗ ಕೊಯ್ದು, ಅರ್ಧ ದಿನ ಬಾಡಿಸಿ, ಬೆಲ್ಲದ ನೀರು ಚಿಮುಕಿಸಿ, ಗುಂಡಿಯಲ್ಲಿ ತುಳಿದು ತುಂಬಿಸಿ ಮಣ್ಣು ಮೆತ್ತುವ. ಗಾಳಿ ಹೋಗದಿದ್ರೆ ಸೊಪ್ಪಿನ ಸಸಾರಜನಕ ಹಾಗೇ ಉಳೀತದೆ. ಹೋಯ್ತೋ, ಎಲ್ಲ ಕೊಳೀತದೆ."

ಸಸಾರಜನಕ ಎಂದರೇನೆಂದು ಗೌಡರಿಗೆ ಗೊತ್ತಿರಲಿಲ್ಲ, ಉಪ್ಪಿನಕಾಯಿ ಭರಣಿ ಗೊತ್ತಿತ್ತು. ಬಾಯಿ ಕಟ್ಟಿದ ಭರಣಿಯನ್ನು ಹೆಂಡತಿ ಸೇಸಮ್ಮ ಯಾರಿಗೂ ಮುಟ್ಟಲು ಬಿಡುವವಳಲ್ಲ. ಇದೂ ಅಷ್ಟೇ ತಾನೆ ಎಂದು ಜನವರಿಯಲ್ಲಿ ಗುಂಡಿ ತುಂಬಿಸಿದರು. ಏಪ್ರಿಲಿನಲ್ಲಿ ಅವರ ಒಂದೇ ದನ ಕರು ಹಾಕುವುದಿತ್ತು.

ಆದರೆ ಸರಕಾರದ ಲೆಕ್ಕದಲ್ಲಿ ಅದು ಮಾದರಿ ಗುಂಡಿ. ಮಾದರಿ ಎಂದ ಮೇಲೆ ನೋಡದೆ ಬಿಡುವುದುಂಟೇ? ವಿಸ್ತರಣಾಧಿಕಾರಿ ಬಂದರು, "ತೆರೆಯಿರಿ" ಎಂದರು, ಒಂದು ಮುಷ್ಟಿ ಮೂಸಿ "ಬಹಳ ಉತ್ತಮ" ಎಂದು ಪುಸ್ತಕದಲ್ಲಿ ಬರೆದರು. ಅವರ ಮೇಲಿನವರು ಬಂದರು. ಅವರಿಗೂ ಮೂಗುಂಟಲ್ಲ! ಗುಂಡಿಗೆ ಗಾಳಿ ಹೋಗಿಲ್ಲವೆಂದು ಖಾತ್ರಿಪಡಿಸಿಕೊಳ್ಳಲು ಒಟ್ಟು ಏಳು ಸಲ ಅದನ್ನು ತೆರೆಸಿದರು. ಪ್ರಶಸ್ತಿಪತ್ರ ಬಂತು. ದನ ಕರು ಹಾಕಿದ ದಿನ ಗೌಡರು ಗುಂಡಿ ತೆರೆದರೆ ಕಪ್ಪು ಲೋಳೆ, ಸತ್ತ ಹೆಗ್ಗಣದ ನಾತ. ದನ ಮುಖ ತಿರುಗಿಸಿತು. ಹಾಲು ಬತ್ತಿ, ತಿಂಗಳೊಳಗೆ ಕರು ಸತ್ತಿತು.

"ಆ ಕಾಗದವನ್ನೇ ದನಕ್ಕೆ ಹಾಕಿ, ತಿನ್ತದಾ ನೋಡುವ" ಎಂದು ಸೇಸಮ್ಮ ಅತ್ತಳು.

ಮರುವರ್ಷ ದನ ಮತ್ತೆ ಗಬ್ಬವಾಯಿತು. ಈ ಕರುವನ್ನಾದರೂ ಉಳಿಸಲೇಬೇಕೆಂದು ಗೌಡರು ಹಟ ಹಿಡಿದು ಮತ್ತೆ ಗುಂಡಿ ತುಂಬಿಸಿದರು. ಭಾರಕ್ಕೆಂದು ಮೇಲೊಂದು ಮುರಕಲ್ಲು ಇಟ್ಟರು. ವಿಸ್ತರಣಾಧಿಕಾರಿ ಬರುವ ಸುದ್ದಿ ಸಿಕ್ಕಿದ್ದೇ ಕಲ್ಲಿನ ಮೇಲೊಂದು ಕೆಂಪು ದಾಸವಾಳ ಇಟ್ಟರು. ಸೇಸಮ್ಮ ದೀಪ ಹಚ್ಚಿದಳು.

"ಇದು ದೈವದ ಕಲ್ಲಾ?" ಎಂದರು ಅಧಿಕಾರಿ.

ಗೌಡರು ತಲೆ ತಗ್ಗಿಸಿದರು. ಸುಳ್ಳು ಹೇಳಲಿಲ್ಲ ನೋಡಿ, ತಲೆ ತಗ್ಗಿಸಿದ್ದು ಅಷ್ಟೇ. ಅಧಿಕಾರಿ ಚಪ್ಪಲಿ ಕಳಚಿ ಕೈಮುಗಿದು, ಗುಂಡಿಯ ಮಾತೇ ಎತ್ತದೆ ಹೋದರು. ಗ್ರಹಚಾರಕ್ಕೆ, ಎರಡೇ ವಾರದಲ್ಲಿ ಅವರಿಗೆ ಮೂರು ವರ್ಷದಿಂದ ಕೇಳುತ್ತಿದ್ದ ಮಂಗಳೂರಿನ ವರ್ಗ ಸಿಕ್ಕಿತು.

ಅಬ್ದುಲ್ ಶುಕೂರರ ಚಾದಂಗಡಿಯಲ್ಲಿ ಆ ಸುದ್ದಿಗೆ ರೆಕ್ಕೆ ಬಂತು. ನೆರಿಯ ಊರಿನವನೊಬ್ಬ ಕಲ್ಲಿಗೆ ತೆಂಗಿನಕಾಯಿ ಇಟ್ಟು ಕಳೆದುಹೋದ ಎಮ್ಮೆಯನ್ನು ಪಡೆದ. ಮಾರ್ಚಿಗೆ ಗುಂಡಿಯ ಮೇಲೆ ತೆಂಗಿನ ಮಡಲಿನ ಚಪ್ಪರ ಎದ್ದಿತು. ಒಬ್ಬ ಅಧಿಕಾರಿಯೂ ತೆರೆಯಿರಿ ಎನ್ನಲಿಲ್ಲ. ಗೌಡರು ಒಳಗೊಳಗೇ ನಕ್ಕರು.

ಏಪ್ರಿಲಿನಲ್ಲಿ ಕರು ಹುಟ್ಟಿತು. ಗೌಡರು ಗುದ್ದಲಿ ಹಿಡಿದು ಬಂದರೆ ನೆರೆಮನೆಯ ರುಕ್ಮಯ್ಯ ಊರವರನ್ನು ಕಟ್ಟಿಕೊಂಡು ಅಡ್ಡ ನಿಂತ.

"ಗೌಡ್ರೇ, ನಿಮಗೆ ತಲೆ ಸರಿ ಉಂಟಾ?"

"ಒಳಗಿರುವುದು ಅಲಸಂಡೆ ಸೊಪ್ಪು ಮಾರಾಯ! ನಾನೇ ತುಳಿದು ತುಂಬಿಸಿದ್ದು. ದೈವವೂ ಇಲ್ಲ, ಎಂಥದೂ ಇಲ್ಲ!"

"ಸೊಪ್ಪು ಅಂತ ನಮಗೂ ಗೊತ್ತುಂಟು. ಆವತ್ತು ದೈವ ಇರಲಿಲ್ಲ, ಒಪ್ತೇನೆ. ಈಗ ಬಂದು ನೆಲೆಯಾಗಿದ್ದಾರಲ್ಲ!"

ಗೌಡರಿಗೆ ಮೈಯೆಲ್ಲ ಉರಿಯಿತು. ಇವರ ಹತ್ತಿರ ಮಾತಾಡುವುದು ಬಂಡೆಗೆ ತಲೆ ಚಚ್ಚಿಕೊಂಡಂತೆ ಎಂದುಕೊಂಡು ಹೆಂಡತಿಯನ್ನು ಕರೆದರು. "ಸೇಸಮ್ಮ, ನೀನಾದರೂ ಹೇಳು. ಹೂ ಇಟ್ಟದ್ದು ನಾನು, ದೀಪ ಇಟ್ಟದ್ದು ನೀನು. ಹೌದಾ ಅಲ್ವಾ?"

ಸೇಸಮ್ಮ ಸೆರಗಿನಲ್ಲಿ ಕಣ್ಣೊರಸಿಕೊಂಡು ಗುದ್ದಲಿಯ ಹಿಡಿಗೆ ಕೈ ಹಾಕಿದಳು. "ಮುಟ್ಟುವುದು ಬೇಡ. ಈ ಕರು ಬದುಕಲಿ ಅಂತ ನಾನು ಈ ಕಲ್ಲಿಗೇ ಹರಕೆ ಹೇಳಿಕೊಂಡಿದ್ದೇನೆ."

ಗೌಡರು ಗುದ್ದಲಿ ಕೆಳಗಿಟ್ಟು, ಊರವರ ಜೊತೆ ತಾವೂ ಕೈಮುಗಿದರು. ಹಟ್ಟಿಯಲ್ಲಿ ಕರು ಹಸಿವಿನಿಂದ ಕೂಗುತ್ತಲೇ ಇತ್ತು.