ಕೈ ನೋಡಿ ಬಡಿಸಿದ ಬಿಂದುಮಾಧವರಾಯರು

ತೊಂಬತ್ತರ ದಶಕದ ಮೈಸೂರಿನಲ್ಲಿ ಮದುವೆ ಊಟಕ್ಕೆ ಕೂತವರು ಬಾಯಲ್ಲಿ ಏನು ಹೇಳಿದರೂ ನಡೆಯುತ್ತಿರಲಿಲ್ಲ. ಅದು ನಜರ್‌ಬಾದಿನ ಬಿಂದುಮಾಧವರಾಯರ ಆಳ್ವಿಕೆಯ ಕಾಲ. ರಾಯರಿಗೆ ಅರಮನೆ ಇರಲಿಲ್ಲ, ವಠಾರದಲ್ಲಿ ಒಂದೂವರೆ ಕೋಣೆಯ ಬಾಡಿಗೆ ಮನೆಯಿತ್ತು. ಕಿರೀಟ ಇರಲಿಲ್ಲ, ಬೆವರು ಇಳಿಯದಂತೆ ತಲೆಗೆ ಸುತ್ತಿದ ಕೆಂಪು ಚೌಕವಿತ್ತು. ಆದರೆ ಅಡುಗೆ ಕಂಟ್ರಾಕ್ಟರರ ತಂಡದಲ್ಲಿ ಬಡಿಸುವವರ ಮುಖ್ಯಸ್ಥರಾಗಿ, ಒಬ್ಬಟ್ಟಿನ ತಟ್ಟೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಅವರು ಪಂಕ್ತಿಯ ತುದಿಯಲ್ಲಿ ಕಾಣಿಸಿಕೊಂಡರೆ ಸಾಕು, ಇನ್ನೂರು ಎಲೆಗಳ ಹಿಂದೆ ಕೂತ ಇನ್ನೂರು ಜನ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು.

ನಮ್ಮ ಊಟದ ಮರ್ಯಾದೆ ಎಂಥದ್ದು ಎಂಬುದು ಎಲ್ಲರಿಗೂ ಗೊತ್ತಿದೆ. ಬೇಕು ಎಂದು ಬಾಯಿ ಬಿಟ್ಟು ಕೇಳಿದವನು ಹೊಟ್ಟೆಬಾಕ. ಆದ್ದರಿಂದ ಪ್ರತಿಯೊಬ್ಬನೂ ಬೇಡ, ಸಾಕು, ಅಯ್ಯೋ ಆಗೋದಿಲ್ಲ ಎನ್ನಬೇಕು. ಬಡಿಸುವವನು ಒತ್ತಾಯ ಮಾಡಬೇಕು. ಬೀಗರು ಬೇಡ ಎಂದರೆಂದು ಯಾರಾದರೂ ನಂಬಿ ಮುಂದೆ ಹೋಗಿಬಿಟ್ಟರೆ, ಆ ಅವಮಾನ ಮೊಮ್ಮಗುವಿನ ನಾಮಕರಣದವರೆಗೂ ಹಸಿಯಾಗಿರುತ್ತದೆ. ಹಾಗೆಂದು ನಿಜವಾಗಿ ಹೊಟ್ಟೆ ತುಂಬಿದವನಿಗೆ ಬಡಿಸಿದರೆ ಒಬ್ಬಟ್ಟು ಎಲೆಯ ಜೊತೆ ತಿಪ್ಪೆಗೆ ಹೋಗುತ್ತದೆ, ಕಂಟ್ರಾಕ್ಟರು ಬಡಿಸಿದವನ ಜನ್ಮ ಜಾಲಾಡುತ್ತಾನೆ. ನಿಜದ ಬೇಡ ಯಾವುದು, ಮರ್ಯಾದೆಯ ಬೇಡ ಯಾವುದು ಎಂದು ಅರೆಕ್ಷಣದಲ್ಲಿ ತೀರ್ಮಾನಿಸಬೇಕಾದ ಈ ಕಷ್ಟದ ರಣರಂಗದಲ್ಲಿ ರಾಯರು ಎಂದೂ ಸೋತವರಲ್ಲ.

"ಬಾಯಿ ಕೇಳ್ಬೇಡ ಕಣೋ ರಾಮಸ್ವಾಮಿ," ಎಂದು ಅವರು ತಮ್ಮ ಮುಖ್ಯ ಶಿಷ್ಯನಿಗೆ ಪಾಠ ಹೇಳುತ್ತಿದ್ದರು. "ಬಾಯಿ ಇರೋದು ಮರ್ಯಾದೆಗೆ. ಕೈ ನೋಡು. ಅಂಗೈ ಪೂರ್ತಿ ಎಲೆಗೆ ಅಡ್ಡ ಬಂದು, ಮೈ ಹಿಂದಕ್ಕೆ ಹೋಯ್ತೋ, ಅದು ನಿಜ. ನಮಸ್ಕಾರ ಹಾಕಿ ಮುಂದೆ ನಡಿ. ಬೆರಳು ಬಿಡಿಸ್ಕೊಂಡಿದ್ರೆ ಸಂದೀಲಿ ಒಂದು ಬಿಡು."

"ಕೈ ಆಡಿಸ್ದೇನೇ ಬೇಡ ಅಂದ್ರೆ ಗುರುಗಳೇ?"

"ಎಲೆ ಪಕ್ಕ ಸುಮ್ನೆ ಬಿದ್ದಿದ್ಯಾ ಕೈ? ಎರಡು ಹಾಕು. ಮೈ ಎಲೆ ಕಡೆಗೆ ಬಾಗಿದ್ರೆ ಕೇಳ್ಲೇಬೇಡ, ತುಪ್ಪದ ಸಮೇತ ಸುರಿ. ಕಣ್ಣಲ್ಲಿ ನೀರು ಬಂದ್ರೆ ಮನೆತನ ಉದ್ಧಾರ ಆಯ್ತು ಅಂತ ತಿಳ್ಕೋ."

ರಾಮಸ್ವಾಮಿ ಇದನ್ನು ಮಂತ್ರದ ಹಾಗೆ ಬಾಯಿಪಾಠ ಮಾಡಿಕೊಂಡ. ಮೈಸೂರಿನಲ್ಲಿ ಬಡಿಸುವ ಹೊಸ ತಲೆಮಾರೆಲ್ಲ ಅದನ್ನೇ ಕಲಿತಿತು.

ರಾಯರ ವಿದ್ಯೆಗೆ ಇನ್ನೊಂದು ಮುಖವೂ ಇತ್ತು. ದೇವರಾಜ ಮೊಹಲ್ಲಾದ ವ್ಯಾಪಾರಿಯೊಬ್ಬರ ಮಗಳ ಮದುವೆಯಲ್ಲಿ, ಪಂಕ್ತಿಯ ಕೊನೆಯ ಎಲೆಗೆ ಬಣ್ಣಗೆಟ್ಟ ಕೋಟಿನವನೊಬ್ಬ ಬಂದು ಕೂತ. ಕರೆಸಿಕೊಂಡು ಬಂದವರು ಬಡಿಸುವವನ ಮುಖ ನೋಡುತ್ತಾರೆ, ಕರೆಯದೆ ಬಂದವರು ತಟ್ಟೆ ನೋಡುತ್ತಾರೆ ಎಂಬುದು ರಾಯರಿಗೆ ತಿಳಿದ ವಿಷಯ. ಅವರು ಅವನ ಮುಂದೆ ನಿಂತು, ಒಬ್ಬಟ್ಟನ್ನು ಎಲೆಯ ಮೇಲೆ ಗೇಣೆತ್ತರದಲ್ಲಿ ಹಿಡಿದು, "ಹಾಕ್ಲೇ ಸ್ವಾಮಿ?" ಎಂದರು. ಪಾಪ, ಮರ್ಯಾದಸ್ಥ. "ಬೇಡ, ಸಾಕು" ಎಂದ.

"ಸಾಕಂತೆ ಕಣ್ರಪ್ಪಾ! ದೊಡ್ಡವರ ಮಾತು ಮೀರೋಕಾಗುತ್ಯೇ? ಇವರಿಗೆ ಅನ್ನಾನೂ ಬೇಡ, ಮಜ್ಜಿಗೇನೂ ಬೇಡ!"

ಒಬ್ಬಟ್ಟು ತಟ್ಟೆಗೆ ವಾಪಸಾಯಿತು. ರಾಯರ ಇಡೀ ವೃತ್ತಿಜೀವನದಲ್ಲಿ ಬಾಯಿಮಾತನ್ನು ನಂಬಿಸಿಕೊಂಡ ಭಾಗ್ಯವಂತ ಅವನೊಬ್ಬನೇ. ಪಂಕ್ತಿ ಪಂಕ್ತಿಯೇ ನಕ್ಕಿತು. ನಾವೂ ನಕ್ಕೆವು, ಬಾಯಲ್ಲಿ ಒಬ್ಬಟ್ಟು ಇಟ್ಟುಕೊಂಡೇ.

ಇಂಥ ಮಹಾನುಭಾವರು ಮನೆಗೆ ಬಂದ ಮೇಲೆ ವಿದ್ಯೆಯನ್ನು ಚಪ್ಪಲಿಯ ಜೊತೆ ಹೊರಗೆ ಬಿಡುತ್ತಾರೆಯೇ? ಅವರ ಹೆಂಡತಿ ಚೂಡಾಮಣಿ, ವಠಾರಕ್ಕೆಲ್ಲ ಚೂಡಮ್ಮ, ಮದುವೆಯಾದಾಗಿನಿಂದ ಅನೇಕ ಸಲ ಬೇಡ ಎಂದಿದ್ದರು. ಒಂದು ಸಲವೂ ಅದು ಬೇಡ ಎಂದು ದಾಖಲಾಗಲಿಲ್ಲ. ತೊಂಬತ್ಮೂರರಲ್ಲಿ ರಾಯರ ತಂಗಿ ಬಂದು ಚೂಡಮ್ಮನ ಹೊಲಿಗೆ ಮಿಷನ್ ಕೇಳಿದಳು. ಅದು ಚೂಡಮ್ಮ ತವರಿನಿಂದ ತಂದದ್ದು. ವಠಾರದ ಹೆಂಗಸರ ರವಿಕೆಗಳನ್ನೆಲ್ಲ ಅದರಲ್ಲೇ ಹೊಲಿಯುತ್ತಿದ್ದರು.

"ಬೇಡ ಕಣ್ರೀ, ಅದೊಂದು ಕೊಡ್ಬೇಡಿ," ಎಂದರು ಚೂಡಮ್ಮ. ಹೇಳುವಾಗ ಅವರ ಕೈ ಮಿಷನ್ನಿನ ಚಕ್ರದ ಮೇಲಿತ್ತು.

ರಾಯರು ಕೈ ನೋಡಿದರು. ಗೆಲುವಿನ ನಗೆ ನಕ್ಕರು. "ಬಾಯಲ್ಲಿ ಬೇಡ ಅಂತಾಳೆ, ಕೈ ನೋಡು ಹೇಗೆ ಸವರಿ ಕಳಿಸಿಕೊಡ್ತಿದೆ! ತಗೊಂಡು ಹೋಗಮ್ಮ."

ಮಿಷನ್ ಆಟೋ ಹತ್ತಿತು. ಚೂಡಮ್ಮ ಅಳಲಿಲ್ಲ. ಅಳದಿದ್ದುದು ಒಪ್ಪಿಗೆಯ ಲಕ್ಷಣ ಎಂದು ರಾಯರು ರಾಮಸ್ವಾಮಿಗೆ ಉದಾಹರಣೆ ಸಮೇತ ವಿವರಿಸಿದರು.

ಎರಡು ಸಾವಿರದ ಒಂದರ ಶ್ರಾವಣದಲ್ಲಿ, ತುಪ್ಪದ ಗಿಂಡಿ ಹಿಡಿದು ನಿಂತಿದ್ದಂತೆಯೇ ರಾಯರಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು. ಬಾಯಿ ಒಂದು ಕಡೆಗೆ ಜಾರಿ, ಮುಚ್ಚಿದರೂ ಅರ್ಧ ತೆರೆದೇ ಇರುತ್ತಿತ್ತು. ಬಲಗಣ್ಣು ಸದಾ ಒಸರುತ್ತಿತ್ತು. ಕಿವಿ, ಬುದ್ಧಿ ಎರಡೂ ಚೊಕ್ಕ. ಆದರೆ ಮಾತೆಲ್ಲ ಹೋಗಿ ಎರಡೇ ಪದ ಉಳಿದವು: ಬೇಡ, ಸಾಕು. ಮೂವತ್ತು ವರ್ಷ ಇನ್ನೊಬ್ಬರ ಬಾಯಿಂದ ಕೇಳಿ ನಂಬದೇ ಹೋದ ಎರಡು ಪದಗಳು, ಬೇರೆಲ್ಲೂ ಜಾಗ ಸಿಗದೆ, ಅವರ ನಾಲಿಗೆಯ ಮೇಲೆಯೇ ಬಿಡಾರ ಹೂಡಿದವು.

ಆಸ್ಪತ್ರೆಯಲ್ಲಿ ರಕ್ತ ನೋಡಿದಾಗ ಸಕ್ಕರೆ ಕಾಯಿಲೆಯೂ ಹೊರಗೆ ಬಂತು. ತಟ್ಟೆಯಿಂದ ತಟ್ಟೆಗೆ ರುಚಿ ನೋಡಿದ ಒಬ್ಬಟ್ಟುಗಳು ಒಂದೂ ವ್ಯರ್ಥವಾಗಿರಲಿಲ್ಲ. ಬಲಗಾಲಿನ ಹೆಬ್ಬೆರಳಲ್ಲಿ ಒಂದು ಹುಣ್ಣು, ಐದು ತಿಂಗಳಾದರೂ ಮಾಯಲಿಲ್ಲ.

"ನೋಡಿ ಅಮ್ಮ, ಕಾಲು ಉಳೀಬೇಕು ಅಂದ್ರೆ ಸಿಹಿ ಮುಟ್ಟಿಸ್ಲೇಬೇಡಿ," ಎಂದರು ಡಾಕ್ಟರು, ರಾಯರ ಎದುರಿಗೇ. "ಸಕ್ಕರೆ ಏರಿದ್ರೆ ಮಂಡಿ ಕೆಳಗೆ ತೆಗೀಬೇಕಾಗುತ್ತೆ."

ರಾಯರ ಮುಖ ಬಿಳಚಿಕೊಂಡಿತು. "ಬೇಡ," ಎಂದರು.

"ಹೂಂ," ಎಂದರು ಚೂಡಮ್ಮ.

ಮುಂದಿನ ವೈಶಾಖದಲ್ಲಿ ರಾಮಸ್ವಾಮಿ ಮನೆಗೆ ಬಂದ. ಈಗ ಅವನೇ ತಂಡದ ಮುಖ್ಯಸ್ಥ. ತಾನು ಬಡಿಸುವ ದೊಡ್ಡ ಮದುವೆಯೊಂದರಲ್ಲಿ ಗುರುಗಳನ್ನು ಮೊದಲ ಪಂಕ್ತಿಯ ಮೊದಲ ಎಲೆಗೆ ಕೂರಿಸಿ ಸತ್ಕಾರ ಮಾಡುವುದೆಂದು ಅವನು ಮದುವೆ ಮನೆಯವರನ್ನೂ ಒಪ್ಪಿಸಿದ್ದ. ರಾಯರು ಬೇಡ ಎಂದರು. "ಗುರುಗಳ ಸಂಕೋಚ ನೋಡಿ!" ಎಂದು ಅವನು ಅವರನ್ನು ಅನಾಮತ್ತಾಗಿ ಎತ್ತಿ ಆಟೋದಲ್ಲಿ ಕೂರಿಸಿದ.

ಕಲ್ಯಾಣ ಮಂಟಪದಲ್ಲಿ ಟೇಬಲ್ಲು ಕುರ್ಚಿಯ ಊಟ. ಮೈ ಬಲಕ್ಕೆ ವಾಲದಂತೆ ರಾಯರು ಎಡಗೈಯಲ್ಲಿ ಟೇಬಲ್ಲಿನ ಅಂಚನ್ನು ಬಿಗಿಯಾಗಿ ಹಿಡಿದು ಕೂತರು. ತೊಡೆಯ ಮೇಲೆ ಬಿದ್ದಿದ್ದ ಬಲಗೈಯನ್ನು ರಾಮಸ್ವಾಮಿಯೇ ಭಕ್ತಿಯಿಂದ ಎತ್ತಿ ಎಲೆಯ ಪಕ್ಕಕ್ಕೆ ಇಟ್ಟ. ಎದುರು ಸಾಲಿನಲ್ಲಿ, ಸರಿಯಾಗಿ ಮುಖಾಮುಖಿ, ಚೂಡಮ್ಮ ಕೂತಿದ್ದರು.

ಒಬ್ಬಟ್ಟು ಬಂತು.

"ಬೇಡ," ಎಂದರು ರಾಯರು.

ರಾಮಸ್ವಾಮಿ ಕೈ ನೋಡಿದ. ಕೈ ಎಲೆಯ ಪಕ್ಕದಲ್ಲಿ ಸುಮ್ಮನೆ ಬಿದ್ದಿತ್ತು. ಎರಡು ಹಾಕಿದ.

"ಸಾಕು! ಸಾಕು!" ರಾಯರು ಪ್ರಾಣಭಯದಿಂದ ಎಡಗೈ ಎತ್ತಿ ಎಲೆಗೆ ಅಡ್ಡ ಹಿಡಿಯಲು ಹೋದರು. ಅಂಚು ಬಿಟ್ಟಕೂಡಲೇ ಆಸರೆ ತಪ್ಪಿ ಮೈ ಮುಂದಕ್ಕೆ, ಎಲೆಯ ಮೇಲಕ್ಕೇ ವಾಲಿತು. ಪಂಕ್ತಿಯುದ್ದಕ್ಕೂ ಮೆಚ್ಚುಗೆಯ ನಗು ಹರಿಯಿತು.

"ನೋಡ್ರಯ್ಯಾ ಹೇಗೆ ಬಾಗಿದ್ರು! ತುಪ್ಪ ತಗೊಂಬನ್ರೋ!"

ಒಸರುವ ಕಣ್ಣು ಇನ್ನಷ್ಟು ಒಸರಿತು. ಜಾರಿದ ತುಟಿಯಿಂದ ಜೊಲ್ಲು ಇಳಿಯಿತು. ಯಾರೋ ಹಿರಿಯರು, "ಬಾಯಲ್ಲಿ ನೀರೂರ್ತಿದೆ ಪಾಪ, ತಿನ್ಸಪ್ಪಾ," ಎಂದರು. ರಾಮಸ್ವಾಮಿ ಗುರುಗಳನ್ನು ನೆಟ್ಟಗೆ ಕೂರಿಸಿ, ಒಬ್ಬಟ್ಟು ಮುರಿದು ತುಪ್ಪದಲ್ಲಿ ಅದ್ದಿ, ಮುಚ್ಚಲಾರದ ಆ ಬಾಯಿಗೆ ತುತ್ತಿಟ್ಟ. ಮೂರನೆಯದನ್ನು ಮುರಿಯುವಾಗ ಮಾತ್ರ ಅವನಿಗೆ ಸಣ್ಣ ಅನುಮಾನ ಬಂದಿರಬೇಕು. ಗುರುಗಳ ಚೆನ್ನಾಗಿದ್ದ ಎಡಗಣ್ಣು ನೋಡುತ್ತಿದ್ದುದು ತನ್ನನ್ನಲ್ಲ, ಎದುರು ಸಾಲಿನ ಹೆಂಡತಿಯನ್ನು. ಅಷ್ಟು ದೊಡ್ಡ ಮಂಟಪದಲ್ಲಿ ಆ ಕಾಲಿನ ಸಂಗತಿ ಬಲ್ಲವರು ಇಬ್ಬರೇ. ಅವರಲ್ಲಿ ಮಾತು ಬರುತ್ತಿದ್ದುದು ಒಬ್ಬರಿಗೆ.

"ಅಮ್ಮಾ, ಗುರುಗಳು ಬೇಡ ಬೇಡ ಅಂತಿದಾರಲ್ಲ. ಹಾಕ್ಲೋ ಬಿಡ್ಲೋ?"

ಚೂಡಮ್ಮ ಗಂಡನ ಮುಖ ನೋಡಿದರು. ಆಮೇಲೆ ನಿಧಾನವಾಗಿ, ಶಾಸ್ತ್ರೋಕ್ತವಾಗಿ, ಕೈ ನೋಡಿದರು.

"ನಿನಗೆ ಅವರು ಹೇಳ್ಕೊಟ್ಟಿಲ್ವೇನೋ ರಾಮಸ್ವಾಮಿ? ಬಾಯಿ ಏನು ಕೇಳ್ತೀಯಾ?"

ಅಂದು ರಾಯರು ಏಳು ಒಬ್ಬಟ್ಟು ಉಂಡರು. ಕೀರ್ತಿ ಹಬ್ಬಿತು. ಆ ವೈಶಾಖದಲ್ಲಿ ಇನ್ನೂ ಹನ್ನೊಂದು ಮದುವೆಗಳು. ಶಿಷ್ಯರು ಮೈಸೂರಿನ ಮೂಲೆಮೂಲೆಯಿಂದ ಆಟೋ ತಂದು ಗುರುಗಳನ್ನು ಹೊತ್ತುಕೊಂಡು ಹೋದರು. ಒಂದೊಂದು ಸಲವೂ ಚೂಡಮ್ಮ ಅವರಿಗೆ ಮಡಿಸಿದ ಶಲ್ಯ ಹೊದಿಸಿ, ತಲೆ ಬಾಚಿ ಕಳಿಸಿಕೊಟ್ಟರು. ಎಂಥ ಪತಿವ್ರತೆ ಎಂದು ವಠಾರ ಕೊಂಡಾಡಿತು. ಆಷಾಢದಲ್ಲಿ ಹುಣ್ಣು ಪಾದಕ್ಕೆ ಏರಿ ಕಪ್ಪಗಾಯಿತು. ಡಾಕ್ಟರು ಹೇಳಿದ್ದ ಜಾಗಕ್ಕೇ, ಮಂಡಿಯ ಕೆಳಗೆ, ಕಾಲು ತೆಗೆದರು.

ನೋಡಲು ಬಂದ ತಂಗಿ ಮಂಚದ ಪಕ್ಕ ಕೂತು ಗೊಳೋ ಎಂದು ಅತ್ತಳು. ಅವಳು ಮೂಗು ಒರೆಸಿಕೊಳ್ಳುವವರೆಗೆ ಕಾದಿದ್ದು ಚೂಡಮ್ಮ ಕೇಳಿದರು:

"ಏನೂಂದ್ರೆ, ಆ ಹೊಲಿಗೆ ಮಿಷನ್ ವಾಪಸ್ ತರಿಸ್ಲಾ?"

ತಂಗಿಯ ಮುಖ ನೋಡಿ ರಾಯರಿಗೆ ನಾಚಿಕೆಯಾಯಿತು. "ಬೇಡ," ಎಂದರು.

"ಕೈ ಹೇಗೆ ಬಿಟ್ಕೊಂಡಿದಾರೆ ನೋಡಮ್ಮ," ಎಂದರು ಚೂಡಮ್ಮ ನಾದಿನಿಗೆ. "ಬೇಕಂತೆ. ನಾಳೆ ಬೆಳಿಗ್ಗೆ ಕಳಿಸ್ಬುಡು."

ಮಿಷನ್ ಬಂತು. ಬೆಳಕಿರುವುದು ಮಂಚದ ಪಕ್ಕದ ಕಿಟಕಿಯಲ್ಲಿ ಮಾತ್ರವಾದ್ದರಿಂದ ಅದನ್ನು ರಾಯರ ತಲೆಯ ಹತ್ತಿರವೇ ಇಡಬೇಕಾಯಿತು. ಒಂಬತ್ತು ವರ್ಷದ ರವಿಕೆಗಳು ಬಾಕಿ ಇದ್ದವೋ ಏನೋ, ಚೂಡಮ್ಮ ಬೆಳಿಗ್ಗೆ ಕೂತರೆ ದೀಪ ಹಚ್ಚುವವರೆಗೂ ಎರಡೂ ಕಾಲುಗಳಲ್ಲಿ ತುಳಿಯುತ್ತಾರೆ. ಕಟಕಟ, ಕಟಕಟ. ಮಧ್ಯಾಹ್ನ ಕಣ್ಣು ಎಳೆಯುವ ಹೊತ್ತಿಗೆ ರಾಯರು, "ಸಾಕು," ಎನ್ನುತ್ತಾರೆ.

ಚೂಡಮ್ಮ ತುಳಿಯುವುದನ್ನು ನಿಲ್ಲಿಸಿ, ಹೊದಿಕೆಯ ಮೇಲೆ ಬಿದ್ದಿರುವ ಕೈಯನ್ನೊಮ್ಮೆ ನೋಡುತ್ತಾರೆ. ಆಮೇಲೆ ಚಕ್ರ ತಿರುಗಿಸುತ್ತಾರೆ.